ಇಷ್ಟೊಂದು ಅಕ್ಕಿ ಯಾಕೆ ತಂದೆ? ಶರಣರು ಬಾಳಿ ತೋರಿಸಿದ ದೇವರ ಒಲವು

ದೇವರನ್ನು ಪ್ರೀತಿಸಿ ಅಂತ ಹೇಳುವುದು ಸುಲಭ. ಹೇಗೆ ಅಂತ ಯಾರಾದರೂ ತಿರುಗಿ ಕೇಳಿದರೆ ಮಾತು ತಡವರಿಸುತ್ತದೆ. ಮಗುವಿನ ಮೇಲೆ ಪ್ರೀತಿ ಇದ್ದರೆ ಕರೆದು ಉಣ್ಣಿಸಬಹುದು, ಜ್ವರ ಬಂದರೆ ರಾತ್ರಿಯೆಲ್ಲ ಪಕ್ಕದಲ್ಲಿ ಕೂರಬಹುದು. ದೇವರಿಗೆ ಹಸಿವಿಲ್ಲ, ಜ್ವರ ಬರುವುದಿಲ್ಲ. ಏನೂ ಬೇಡದವನಿಗೆ ಏನು ಕೊಡುವುದು? ಕಣ್ಣಿಗೆ ಕಾಣದವನ ಜೊತೆ ದಿನ ಕಳೆಯುವುದು ಹೇಗೆ? ಇನ್ನು ಆ ಕಡೆಯಿಂದ ನಮ್ಮ ಮೇಲೆ ಪ್ರೀತಿ ಇದೆ ಅಂತಾರಲ್ಲ, ಅದು ಇದೆ ಅಂತ ಗೊತ್ತಾಗುವುದಾದರೂ ಯಾವುದರಿಂದ?

ಎಲ್ಲ ಧರ್ಮದವರೂ ಈ ಪ್ರಶ್ನೆಗೆ ತಮ್ಮದೇ ಉತ್ತರ ಕೊಟ್ಟಿದ್ದಾರೆ. ನಾನಿಲ್ಲಿ ಹಿಡಿದುಕೊಳ್ಳುವುದು ಒಂದೇ ಕಡೆಯ ಉತ್ತರ. 12ನೇ ಶತಮಾನದ ಕಲ್ಯಾಣದಲ್ಲಿ, ಅಂದರೆ ಇವತ್ತಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ಬಸವಣ್ಣನ ಸುತ್ತ ಸೇರಿದ್ದ ಶರಣರು ಕೊಟ್ಟ ಉತ್ತರ. ಅವರಲ್ಲಿ ಪಂಡಿತರು ಕಮ್ಮಿ. ಬಟ್ಟೆ ಒಗೆಯುವವರು, ದೋಣಿ ನಡೆಸುವವರು, ಹಗ್ಗ ಹೊಸೆಯುವವರು, ಚಪ್ಪಲಿ ಹೊಲಿಯುವವರು, ಸೌದೆ ಮಾರುವವರು. ಹಾಗಾಗಿ ಅವರ ಉತ್ತರವೂ ಕೈಯಲ್ಲಿ ಹಿಡಿದು ನೋಡುವಂಥದ್ದು.

ಒಂದು ಮನೆಯಿಂದಲೇ ನೋಡೋಣ. ಗಂಡ ಮಾರಯ್ಯ, ಹೆಂಡತಿ ಲಕ್ಕಮ್ಮ. ರಾಯಚೂರು ಜಿಲ್ಲೆಯ ಲಿಂಗಸುಗೂರು ಕಡೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದವರು. ಮಾರಯ್ಯನ ಕಾಯಕ ಏನು ಗೊತ್ತಾ? ಶರಣರ ಮನೆಗಳ ಮುಂದೆ, ಅಂಗಳದಲ್ಲಿ ಚೆಲ್ಲಿದ ಅಕ್ಕಿಕಾಳನ್ನು ಆಯ್ದು ತರುವುದು. ಅದಕ್ಕೇ ಅವನಿಗೆ ಆಯ್ದಕ್ಕಿ ಮಾರಯ್ಯ ಅಂತ ಹೆಸರು. ಆ ಅಕ್ಕಿಯಲ್ಲೇ ಅಡುಗೆ ಮಾಡಿ, ಬಂದ ಜಂಗಮರಿಗೆ, ಅಂದರೆ ಊರೂರು ತಿರುಗುವ ಶಿವಭಕ್ತರಿಗೆ ಬಡಿಸಿ, ಉಳಿದದ್ದನ್ನು ಗಂಡ ಹೆಂಡತಿ ಉಣ್ಣುತ್ತಿದ್ದರು.

ಒಂದು ದಿನ ಮಾರಯ್ಯ ಶರಣರು ಸೇರಿ ಮಾತಾಡುತ್ತಿದ್ದ ಅನುಭವ ಮಂಟಪದಲ್ಲಿ ಅಲ್ಲಮಪ್ರಭುವಿನ ಮಾತು ಕೇಳುತ್ತಾ ಮೈಮರೆತು ಕೂತುಬಿಟ್ಟ. ದೊಡ್ಡ ದೊಡ್ಡ ವಿಷಯ, ಲಿಂಗ, ಬಯಲು, ಐಕ್ಯ. ಹೊತ್ತು ಹೋದದ್ದೇ ತಿಳಿಯಲಿಲ್ಲ. ಲಕ್ಕಮ್ಮ ಬಂದು ಎಬ್ಬಿಸಿದಳು. ‘ಕಾಯಕ ನಿಂದಿತ್ತು ಹೋಗಯ್ಯಾ ಎನ್ನಾಳ್ದನೆ’ ಅನ್ನುತ್ತದೆ ಅವಳ ವಚನ. ದೇವರ ಬಗ್ಗೆ ಕೇಳುತ್ತಾ ಕೂತ ಗಂಡನನ್ನು, ದೇವರ ಕೆಲಸ ನಿಂತುಹೋಯಿತು, ಮೊದಲು ಎದ್ದು ಹೋಗು ಅಂತ ಕಳಿಸುವ ಹೆಂಡತಿ.

ಮಾರಯ್ಯ ಓಡಿದ. ತಡವಾಗಿತ್ತಲ್ಲ, ಅವಸರ. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಅವತ್ತು ಕಾಳು ಜಾಸ್ತಿಯೇ ಬಿದ್ದಿತ್ತು. ಬೇಕೆಂದೇ ಹಾಕಿಸಿದ್ದು ಅಂತ ಕಥೆ ಹೇಳುತ್ತದೆ. ಬಡ ದಂಪತಿಗೆ ನೆರವಾಗಲಿ ಅಂತಲೋ, ಇವರ ನಿಷ್ಠೆ ಎಷ್ಟು ಗಟ್ಟಿ ನೋಡೋಣ ಅಂತಲೋ. ಮಾರಯ್ಯ ಸಿಕ್ಕಿದ್ದನ್ನೆಲ್ಲ ಬಾಚಿ ತಂದ. ಖುಷಿಯಿಂದಲೇ ತಂದಿರಬೇಕು. ಲಕ್ಕಮ್ಮ ಮೊರದಲ್ಲಿ ಸುರಿದದ್ದನ್ನು ನೋಡಿದಳು. ದಿನದ ಅಳತೆ ಅವಳಿಗೆ ಕಣ್ಣಲ್ಲೇ ಗೊತ್ತು.

‘ಆಸೆಯೆಂಬುದು ಅರಸಿಂಗಲ್ಲದೆ ಶಿವಭಕ್ತರಿಗುಂಟೆ ಅಯ್ಯಾ?’ ಅಂತ ಅವಳು ಕೇಳುತ್ತಾಳೆ. ‘ಈಸಕ್ಕಿಯಾಸೆ ನಿಮಗೇಕೆ? ಈಶ್ವರನೊಪ್ಪ.’ ಇಷ್ಟೊಂದು ಅಕ್ಕಿಯ ಆಸೆ ನಿಮಗೇಕೆ, ದೇವರು ಇದನ್ನು ಒಪ್ಪುವುದಿಲ್ಲ, ಹೋಗಿ ಅಲ್ಲೇ ಸುರಿದು ಬನ್ನಿ. ಮಾರಯ್ಯ ವಾಪಸ್ ಹೋಗಿ ಸುರಿದು ಬಂದ.

ಈ ಕಥೆಯನ್ನು ಸಾಮಾನ್ಯವಾಗಿ ಪ್ರಾಮಾಣಿಕತೆಯ ಪಾಠವಾಗಿ ಹೇಳುತ್ತಾರೆ. ಶಾಲೆಯ ಪುಸ್ತಕದಲ್ಲಿ ಹಾಗೇ ಬಂದಿರುತ್ತದೆ. ಆದರೆ ನಿಧಾನವಾಗಿ ನೋಡಿ. ಮಾರಯ್ಯ ಕದ್ದಿಲ್ಲ. ಯಾರ ಪಾಲನ್ನೂ ಕಸಿದಿಲ್ಲ. ನೆಲಕ್ಕೆ ಬಿದ್ದದ್ದನ್ನು ಆಯ್ದದ್ದು. ಕಾನೂನಿನಲ್ಲಿ ತಪ್ಪು ಹುಡುಕಿದರೆ ಸಿಗುವುದಿಲ್ಲ. ಆ ಅಕ್ಕಿಯನ್ನು ಜಂಗಮರಿಗೇ ಹಾಕಿದ್ದರೂ ಆಗುತ್ತಿತ್ತು. ಮತ್ತೆ ಲಕ್ಕಮ್ಮನಿಗೆ ಏನು ತೊಂದರೆ?

ನನಗೆ ಕಾಣುವುದು ಇಷ್ಟು. ನಾಳೆಗೆ ಅಂತ ಒಂದು ಹಿಡಿ ಹೆಚ್ಚು ಎತ್ತಿಟ್ಟ ಕ್ಷಣ, ನಾಳೆ ದೇವರು ನೋಡಿಕೊಳ್ಳುತ್ತಾನೋ ಇಲ್ಲವೋ ಅನ್ನುವ ಅನುಮಾನ ಮನೆಯೊಳಗೆ ಬಂತು. ಪ್ರೀತಿ ಇರುವ ಕಡೆ ಅನುಮಾನ ಬಂದರೆ ಅಲ್ಲಿಂದ ಲೆಕ್ಕ ಶುರುವಾಗುತ್ತದೆ. ಲಕ್ಕಮ್ಮ ತಡೆದದ್ದು ಅದನ್ನು. ಶರಣರಿಗೆ ದೇವರ ಮೇಲಿನ ಒಲವು ಎಷ್ಟಿದೆ ಅಂತ ಅಳೆಯಲು ಕಣ್ಣೀರು ಬೇಕಿರಲಿಲ್ಲ, ಮೈ ನವಿರೇಳಬೇಕಿರಲಿಲ್ಲ. ಎರಡು ವಿಷಯ ನೋಡುತ್ತಿದ್ದರು. ನೀನು ನಿನಗಂತ ಎಷ್ಟು ಹಿಡಿದಿಟ್ಟುಕೊಂಡೆ? ನಿನ್ನ ಪಂಕ್ತಿಯಿಂದ ಯಾರನ್ನು ಹೊರಗಿಟ್ಟೆ? ಮುಂದೆ ಹೇಳುವುದೆಲ್ಲ ಈ ಎರಡರ ಸುತ್ತಲೇ.

‘ಕಾಯಕವೇ ಕೈಲಾಸ’ ಅನ್ನುವ ಮಾತು ಕೇಳದ ಕನ್ನಡಿಗರಿಲ್ಲ. ಕಚೇರಿಯ ಗೋಡೆ, ಬಸ್ಸು, ಕ್ಯಾಲೆಂಡರ್, ಎಲ್ಲ ಕಡೆ ಇದೆ. ಬಹಳ ಜನ ಇದನ್ನು ಬಸವಣ್ಣನ ಮಾತು ಅಂದುಕೊಂಡಿದ್ದಾರೆ. ಈ ಮಾತು ಬರುವ ವಚನ ಇದೇ ಅಕ್ಕಿ ಆಯುವ ಮಾರಯ್ಯನದು. ಕಾಯಕದಲ್ಲಿ ತೊಡಗಿದಾಗ ಗುರು ಎದುರು ಬಂದರೂ ಮರೆಯಬೇಕು, ಲಿಂಗಪೂಜೆಯನ್ನೂ ಮರೆಯಬೇಕು, ಜಂಗಮ ಮುಂದೆ ನಿಂತರೂ ಹಂಗು ಹರಿಯಬೇಕು ಅನ್ನುತ್ತಾನೆ. ಹೆಂಡತಿ ಎಬ್ಬಿಸಿ ಕಳಿಸಿದ ಆ ದಿನವನ್ನು ನೆನೆದರೆ ಇದು ಎಲ್ಲಿಂದ ಬಂತು ಅಂತ ಅರ್ಥವಾಗುತ್ತದೆ.

ಇವತ್ತು ಇದೇ ಮಾತನ್ನು ಹೇಳಿ ಸಂಬಳವಿಲ್ಲದೆ ಓವರ್‌ಟೈಮ್ ಮಾಡಿಸುವವರೂ ಇದ್ದಾರೆ. ಅದು ಅನ್ಯಾಯ. ಮಾರಯ್ಯನಿಗೆ ಯಜಮಾನನೇ ಇರಲಿಲ್ಲ. ಅವನ ದುಡಿಮೆಯಿಂದ ಯಾರ ಪೆಟ್ಟಿಗೆಯೂ ತುಂಬಲಿಲ್ಲ. ಶರಣರ ಲೆಕ್ಕದಲ್ಲಿ ಕಾಯಕ ಅರ್ಧ ಮಾತ್ರ, ಇನ್ನರ್ಧ ದಾಸೋಹ. ದುಡಿಯುವುದು, ದುಡಿದದ್ದನ್ನು ತನ್ನದಲ್ಲ ಅಂದುಕೊಂಡು ಹಂಚುವುದು. ಎರಡನೆಯದು ಬಿಟ್ಟು ಮೊದಲನೆಯದನ್ನು ಮಾತ್ರ ಹಿಡಿದರೆ ಅದು ಸುಮ್ನೆ ಹೊಟ್ಟೆಪಾಡು. ಹೊಟ್ಟೆಪಾಡು ಕೆಟ್ಟದ್ದೇನಲ್ಲ, ಆದರೆ ಅದಕ್ಕೆ ಕೈಲಾಸದ ಹೆಸರು ಯಾಕೆ?

ಹಗ್ಗ ಹೊಸೆಯುವ ನುಲಿಯ ಚಂದಯ್ಯನ ಕಥೆ ಇನ್ನೂ ಒರಟು. ಹಗ್ಗಕ್ಕೆ ಬೇಕಾದ ಹುಲ್ಲು ಕೊಯ್ಯುವಾಗ ಕೊರಳಲ್ಲಿದ್ದ ಇಷ್ಟಲಿಂಗ ಜಾರಿ ಬಿತ್ತು. ಶರಣನಿಗೆ ಇದಕ್ಕಿಂತ ದೊಡ್ಡ ಆಘಾತ ಇರುವಂತಿಲ್ಲ. ಚಂದಯ್ಯ ತಿರುಗಿಯೂ ನೋಡದೆ ಹುಲ್ಲಿನ ಹೊರೆ ಕಟ್ಟಿಕೊಂಡು ನಡೆದ. ಲಿಂಗವೇ ಬೆನ್ನು ಹತ್ತಿ ಬಂದು ನನ್ನನ್ನು ಎತ್ತಿಕೋ ಅಂತ ಬೇಡಿಕೊಂಡಿತಂತೆ. ಚಂದಯ್ಯ ಒಪ್ಪಲಿಲ್ಲ. ಮಡಿವಾಳ ಮಾಚಯ್ಯ ನಡುವೆ ಬಂದು ರಾಜಿ ಮಾಡಿಸಬೇಕಾಯಿತು. ಲಿಂಗವಾದರೂ ಕಾಯಕದಿಂದಲೇ ಅದರ ಕಲ್ಲಿನ ಕುಲ ಹರಿಯುವುದು ಅನ್ನುವ ಅರ್ಥದ ವಚನ ಚಂದಯ್ಯನದೇ. ದೇವರಿಗೂ ದುಡಿಯುವ ಕೆಲಸ ತಪ್ಪಲಿಲ್ಲ ನೋಡಿ.

ಇನ್ನೊಂದು ಎಚ್ಚರಿಕೆಯನ್ನೂ ಚಂದಯ್ಯ ಹೇಳುತ್ತಾನೆ. ಜನರನ್ನು ಕಂದಿಸಿ, ಕುಂದಿಸಿ, ಕಂಡವರ ಬೇಡಿ ತಂದು ಜಂಗಮಕ್ಕೆ ಮಾಡುತ್ತೇನೆ ಅಂದರೆ ಅದು ಲಿಂಗಕ್ಕೆ ಸಲ್ಲದು. ಊರಿನ ಜಾತ್ರೆಗೆ ಪಟ್ಟಿ ಹಿಡಿದು ಅಂಗಡಿ ಅಂಗಡಿಗೆ ಹೋಗಿ, ಕೊಡದವರಿಗೆ ಮುಖ ಗಂಟಿಕ್ಕುವವರಿಗೆ ಈ ವಚನವನ್ನು ಓದಿ ಹೇಳಬೇಕು ಅಂತ ನನಗೆ ಎಷ್ಟೋ ಸಲ ಅನಿಸಿದೆ. ಹೇಳಿಲ್ಲ.

ಈಗ ಮೊದಲಿನ ಪ್ರಶ್ನೆ. ಹಸಿವಿಲ್ಲದ ದೇವರಿಗೆ ಏನು ಕೊಡುವುದು? ಶರಣರ ಉತ್ತರದಲ್ಲಿ ಜಂಗಮ ಬರುವುದು ಇಲ್ಲಿ. ಊರೂರು ತಿರುಗುತ್ತಾ ಶಿವನ ಮಾತು ಹೇಳುವ ಭಕ್ತ ಜಂಗಮ. ಮನೆ ಇಲ್ಲ, ಹೊಲ ಇಲ್ಲ, ಹಸಿವು ಮಾತ್ರ ಇದೆ. ಬಸವಣ್ಣ ಹೇಳಿದ್ದು, ದೇವರಿಗೆ ಬಾಯಿ ಇರುವುದು ಇಲ್ಲಿ. ಅವನ ಆ ಪ್ರಸಿದ್ಧ ವಚನ ನೆನಪಿರಬಹುದು. ಕಲ್ಲ ನಾಗರ ಕಂಡರೆ ಹಾಲನೆರೆಯೆಂಬರು, ದಿಟದ ನಾಗರ ಕಂಡರೆ ಕೊಲ್ಲೆಂಬರು. ಉಣ್ಣುವ ಜಂಗಮ ಬಂದರೆ ಮುಂದೆ ನಡೆ ಅಂತಾರೆ, ಉಣ್ಣದ ಲಿಂಗಕ್ಕೆ ಬೋನ ಹಿಡಿಯುತ್ತಾರೆ. ಬೋನ ಅಂದರೆ ನೈವೇದ್ಯದ ಅನ್ನ. ತಿನ್ನದವನಿಗೆ ಬಡಿಸುವುದು ಸುಖ. ಅವನು ಉಪ್ಪು ಕಮ್ಮಿ ಅನ್ನುವುದಿಲ್ಲ, ಇನ್ನೊಂದು ಸೌಟು ಹಾಕಿ ಅನ್ನುವುದಿಲ್ಲ, ನಾಳೆ ಮತ್ತೆ ಬರುವುದಿಲ್ಲ. ಉಣ್ಣುವವನು ಇದೆಲ್ಲ ಮಾಡುತ್ತಾನೆ.

ಕೆಲವರು ಇದನ್ನು ಓದಿ, ಹಾಗಾದರೆ ಬಸವಣ್ಣನಿಗೆ ದೇವರು ಬೇಡವಾಗಿತ್ತು, ಸಮಾಜಸೇವೆ ಮಾತ್ರ ಬೇಕಿತ್ತು ಅನ್ನುತ್ತಾರೆ. ಆ ಮಾತು ನನಗೆ ಒಪ್ಪಿಗೆಯಿಲ್ಲ. ‘ತಂದೆ ನೀನು ತಾಯಿ ನೀನು ಬಂಧು ನೀನು ಬಳಗ ನೀನು’ ಅಂತ ಕೂಡಲಸಂಗನ ಕಾಲು ಹಿಡಿದು, ಹಾಲಲ್ಲಾದರೂ ಅದ್ದು ನೀರಲ್ಲಾದರೂ ಅದ್ದು ಅಂದವನು ಅದೇ ಬಸವಣ್ಣ. ಕೃಷ್ಣಾ ಮಲಪ್ರಭೆ ಕೂಡುವ ಸಂಗಮದಲ್ಲಿ ಬೆಳೆದ ಹುಡುಗನಿಗೆ ಆ ದೇವರು ಎಂದೂ ನೆಪವಾಗಿರಲಿಲ್ಲ. ಅವನ ಅಂಗಳದಲ್ಲಿ ಅಕ್ಕಿ ಚೆಲ್ಲುವಷ್ಟು ಜನ ಉಣ್ಣುತ್ತಿದ್ದದ್ದು ಆ ಪ್ರೀತಿಯ ಬಿಸಿಯಿಂದಲೇ. ಮೂಲ ಬತ್ತಿದ ಸೇವೆ ಸ್ವಲ್ಪ ದಿನಕ್ಕೆ ದಣಿಯುತ್ತದೆ, ಇಲ್ಲವೇ ದೊಡ್ಡಸ್ತಿಕೆಗೆ ತಿರುಗುತ್ತದೆ. ಶರಣರಿಗೆ ಎರಡೂ ಬೇಕಿತ್ತು, ಒಂದು ಇನ್ನೊಂದನ್ನು ಸಾಕುತ್ತಿತ್ತು.

ಇನ್ನು ಆ ಕಡೆಯ ಪ್ರೀತಿ. ದೇವರು ನಮ್ಮನ್ನು ಪ್ರೀತಿಸುವುದು ಅಂದರೇನು? ಇದಕ್ಕೆ ಸಿದ್ಧಾಂತದ ಉತ್ತರಗಳು ಬೇಕಾದಷ್ಟಿವೆ. ನನಗೆ ಎಲ್ಲಕ್ಕಿಂತ ಹಿಡಿಸುವುದು ಹಂಪೆಯ ಹರಿಹರ ಕವಿ ರಗಳೆಯಲ್ಲಿ ಹೇಳಿದ ಕುಂಬಾರ ಗುಂಡಯ್ಯನ ಕಥೆ. ಗುಂಡಯ್ಯ ಮಡಕೆ ಮಾಡುವವನು. ಮಣ್ಣು ಕಲಸುವುದು, ತಿಗರಿ ತಿರುಗಿಸುವುದು, ತಟ್ಟುವುದು, ಸುಡುವುದು, ಎಲ್ಲ ಶಿವನಿಗಾಗಿಯೇ. ಮಡಕೆ ಸುಟ್ಟು ಗಟ್ಟಿಯಾಗಿದೆಯಾ ಅಂತ ನೋಡಲು ಬೆರಳಲ್ಲಿ ಬಡಿಯುತ್ತಾರಲ್ಲ, ಹಾಗೆ ಬಡಿದಾಗ ಬಂದ ದನಿಗೆ ಗುಂಡಯ್ಯ ಕುಣಿಯತೊಡಗಿದ. ಮಡಕೆಯೇ ಮದ್ದಳೆ. ಆ ದನಿ ಕೈಲಾಸಕ್ಕೆ ಕೇಳಿತು. ಶಿವನಿಗೆ ಕೂರಲು ಆಗಲಿಲ್ಲ, ಅವನೂ ಕುಣಿದ. ಕುಣಿಯುತ್ತಾ ಕೆಳಗಿಳಿದು ಕುಂಬಾರನ ಎದುರಿಗೇ ಬಂದ. ಇಬ್ಬರೂ ಕುಣಿದರು.

ಇದರಲ್ಲಿ ವರ ಕೇಳುವುದಿಲ್ಲ. ಗುಂಡಯ್ಯ ಮಡಕೆ ಮಾರಾಟ ಚೆನ್ನಾಗಿ ಆಗಲಿ ಅನ್ನಲಿಲ್ಲ. ಶಿವ ಏನಾದರೂ ಕೇಳು ಅಂತ ಪೀಡಿಸಲೂ ಇಲ್ಲ. ಒಬ್ಬ ತನ್ನ ಕೆಲಸದಲ್ಲಿ ಅಷ್ಟು ಖುಷಿಯಾಗಿದ್ದಾನೆ, ಇನ್ನೊಬ್ಬನಿಗೆ ಅದನ್ನು ನೋಡಿ ಸುಮ್ಮನಿರಲಾಗಲಿಲ್ಲ. ನಮ್ಮ ಹರಕೆಗಳ ಪಟ್ಟಿಯನ್ನು ಪಕ್ಕಕ್ಕಿಟ್ಟು ಇದನ್ನು ಓದಬೇಕು. ಮಗಳ ಮದುವೆ, ಮಗನ ಕೆಲಸ, ಸೈಟ್ ರಿಜಿಸ್ಟ್ರೇಷನ್, ಇವನ್ನೆಲ್ಲ ಕೇಳುವುದು ತಪ್ಪು ಅಂತ ಅಲ್ಲ. ಆದರೆ ಅದು ಮಾತುಕತೆ, ಪ್ರೀತಿ ಇನ್ನೂ ಮುಂದೆ ಇದೆ.

ಅಲ್ಲಮನದು ಇನ್ನೊಂದು ದಾರಿ. ಅವನು ದೇವರನ್ನೇ ತರಾಟೆಗೆ ತೆಗೆದುಕೊಳ್ಳುತ್ತಾನೆ. ‘ನಾ ದೇವನಲ್ಲದೆ ನೀ ದೇವನೆ?’ ನೀನು ದೇವರಾದರೆ ನನ್ನನ್ನೇಕೆ ಸಲಹುವುದಿಲ್ಲ? ನಾನಾದರೆ ಒಂದು ಬೊಗಸೆ ನೀರು ಎರೆಯುತ್ತೇನೆ, ಹಸಿದಾಗ ಒಂದು ತುತ್ತು ಅನ್ನ ಇಕ್ಕುತ್ತೇನೆ, ಹಾಗಾಗಿ ದೇವರು ನಾನೇ ಕಾಣಾ ಗುಹೇಶ್ವರಾ. ಮೊದಲ ಸಲ ಓದಿದಾಗ ಇದು ಅಹಂಕಾರದಂತೆ ಕಾಣುತ್ತದೆ. ಒಳಗಿನ ತರ್ಕ ಬೇರೆ. ನೀರು ಕೊಡುವುದು, ಅನ್ನ ಇಕ್ಕುವುದು, ಇದೇ ದೇವರ ಲಕ್ಷಣ ಅಂತಾದರೆ, ಅದನ್ನು ಮಾಡುವ ಕೈಯಲ್ಲೇ ದೇವರು ಇದ್ದಾನೆ. ದೇವರ ಪ್ರೀತಿ ಮೇಲಿನಿಂದ ಸುರಿಯುವುದನ್ನು ಕಾಯುತ್ತಾ ಕೂತವನಿಗೆ ಅಲ್ಲಮ ಹೇಳುವುದು, ಅದು ನಿನ್ನ ಕೈಯ ಮೂಲಕವೇ ಬರಬೇಕು.

ಶರಣರು ಈ ಒಲವು ಬೆಳೆಯುವ ಬಗೆಯನ್ನು ಆರು ಹಂತವಾಗಿ ಹೇಳಿದ್ದಾರೆ. ಇದಕ್ಕೆ ಷಟ್‌ಸ್ಥಲ ಅಂತಾರೆ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ. ಒಂದೊಂದಕ್ಕೂ ಒಂದೊಂದು ಬಗೆಯ ಭಕ್ತಿ. ಶ್ರದ್ಧೆ, ನಿಷ್ಠೆ, ಅವಧಾನ, ಅನುಭವ, ಆನಂದ, ಸಮರಸ. ಹೆಸರು ಕೇಳಿ ಹೆದರಬೇಡಿ, ವಿಷಯ ಸರಳವಾಗಿದೆ. ಮೊದಲು ನಂಬಿಕೆ ಹುಟ್ಟುತ್ತದೆ. ಆಮೇಲೆ ಆ ನಂಬಿಕೆ ಆಸೆಗೂ ಭಯಕ್ಕೂ ಬಗ್ಗದಷ್ಟು ಗಟ್ಟಿಯಾಗುತ್ತದೆ. ಮೂರನೆಯದು ಎಚ್ಚರ. ಕೊನೆಯ ಮೂರರಲ್ಲಿ ದೇವರು ಒಳಗೇ ಇರುವುದು ಅನುಭವಕ್ಕೆ ಬರುತ್ತದೆ, ಅದು ಖುಷಿಯಾಗುತ್ತದೆ, ಕಡೆಗೆ ಪ್ರೀತಿಸುವವನು ಪ್ರೀತಿಸಿಕೊಳ್ಳುವವನು ಅಂತ ಎರಡು ಉಳಿಯುವುದಿಲ್ಲ. ಆ ಕೊನೆಯ ಹಂತಗಳ ಬಗ್ಗೆ ನನ್ನಂಥವರು ಜಾಸ್ತಿ ಮಾತಾಡಿದರೆ ನಗೆಪಾಟಲು. ಮೂರನೆಯದನ್ನು ಮಾತ್ರ ಸ್ವಲ್ಪ ನಿಂತು ನೋಡೋಣ.

ಪ್ರಸಾದಿ ಅಂದರೆ ಸಿಕ್ಕಿದ್ದೆಲ್ಲ ಪ್ರಸಾದ ಅಂದುಕೊಂಡವನು. ತಟ್ಟೆಯ ಅನ್ನ ಮಾತ್ರ ಅಲ್ಲ, ಕಿವಿಗೆ ಬಿದ್ದ ಮಾತು, ಕಣ್ಣಿಗೆ ಬಿದ್ದ ನೋಟ, ಕೈಗೆ ಬಂದ ಸಂಬಳ. ಪ್ರಸಾದವನ್ನು ಯಾರೂ ಕಾಲಲ್ಲಿ ಒದೆಯುವುದಿಲ್ಲ, ಚೆಲ್ಲುವುದಿಲ್ಲ, ಒಬ್ಬರೇ ಮೂಲೆಯಲ್ಲಿ ಕೂತು ತಿನ್ನುವುದಿಲ್ಲ. ದೇವಸ್ಥಾನದಿಂದ ಒಂದು ಲಾಡು ತಂದರೂ ಮನೆಯಲ್ಲಿ ಎಷ್ಟು ಜನ ಇದ್ದಾರೋ ಅಷ್ಟು ಚೂರು ಮಾಡುತ್ತೇವೆ, ಪಕ್ಕದ ಮನೆಗೂ ಒಂದು ಚೂರು ಹೋಗುತ್ತದೆ. ಅದೇ ಅಂಗಡಿಯಿಂದ ತಂದ ಲಾಡುವಾದರೆ ಡಬ್ಬಿಗೆ ಹೋಗುತ್ತದೆ. ಪ್ರಸಾದಿಗೆ ಅಂಗಡಿಯ ಲಾಡು ಅನ್ನುವುದೇ ಇಲ್ಲ. ಶರಣೆ ಸತ್ಯಕ್ಕನ ಕಾಯಕ ಬೀದಿ ಗುಡಿಸುವುದು ಅಂತ ಹೇಳುತ್ತಾರೆ. ದಾರಿಯಲ್ಲಿ ಹೊನ್ನು, ಬಟ್ಟೆ ಬಿದ್ದಿದ್ದರೂ ಕೈ ಮುಟ್ಟಿ ಎತ್ತುವುದಿಲ್ಲ ಅಂತ ಅವಳು ಆಣೆ ಮಾಡುತ್ತಾಳೆ. ನೀನು ಇಕ್ಕಿದ್ದು ಇಷ್ಟು, ನನಗೆ ಅಷ್ಟು ಸಾಕು.

ಗಮನಿಸಿ, ಅನುಭವ ಬರುವುದು ನಾಲ್ಕನೆಯದಾಗಿ. ಅದಕ್ಕೆ ಮುಂಚೆ ನಂಬಿಕೆ, ಗಟ್ಟಿತನ, ಎಚ್ಚರ. ನಾವು ಧ್ಯಾನದ ಶಿಬಿರಕ್ಕೆ ಹೋಗಿ ಮೊದಲ ಬೆಳಿಗ್ಗೆಯೇ ನಾಲ್ಕನೆಯದನ್ನು ಕೇಳುತ್ತೇವೆ. ಏನೂ ಅನಿಸಲಿಲ್ಲ ಸಾರ್, ಅಂತ ದೂರುತ್ತೇವೆ. ಪ್ರಾರ್ಥನೆಯಲ್ಲಿ ಏನೂ ಅನಿಸದ ದಿನಗಳು ಎಲ್ಲರಿಗೂ ಇರುತ್ತವೆ. ಅವತ್ತೂ ಅನ್ನ ಬಡಿಸಬಹುದು, ಅವತ್ತೂ ಸುಳ್ಳು ಹೇಳದೆ ಇರಬಹುದು. ಶರಣರ ಏಣಿಯಲ್ಲಿ ಅದು ಕಮ್ಮಿ ದಿನ ಅಲ್ಲ.

ಇಷ್ಟು ಹೊತ್ತು ಅನ್ನದ ಮಾತಾಯಿತು. ಇನ್ನೊಂದು ಅಳತೆಗೋಲು, ಯಾರನ್ನು ಹೊರಗಿಟ್ಟೆ ಅನ್ನುವುದು. ‘ಇವನಾರವ ಇವನಾರವ ಎಂದೆನಿಸದಿರಯ್ಯಾ, ಇವ ನಮ್ಮವ ಇವ ನಮ್ಮವ ಎಂದೆನಿಸಯ್ಯಾ’ ಅನ್ನುವುದನ್ನು ಮಕ್ಕಳು ಸ್ಪರ್ಧೆಯಲ್ಲಿ ಹಾಡುತ್ತಾರೆ. ಕೇಳಲು ಇಂಪಾಗಿದೆ. ಇದನ್ನು ನಿಜವಾಗಿ ಬಾಳಲು ಹೊರಟಾಗ ಏನಾಯಿತು ಅನ್ನುವುದು ಇಂಪಾಗಿಲ್ಲ.

ಚಪ್ಪಲಿ ಹೊಲಿಯುವ ಹರಳಯ್ಯ ದಾರಿಯಲ್ಲಿ ಬಸವಣ್ಣನಿಗೆ ಶರಣು ಅಂದ. ಬಸವಣ್ಣ ಶರಣು ಶರಣಾರ್ಥಿ ಅಂತ ಎರಡು ಸಲ ತಿರುಗಿ ಹೇಳಿದ. ಕಲ್ಯಾಣದ ದೊರೆ ಬಿಜ್ಜಳನ ಭಂಡಾರಿ, ಊರಿನ ದೊಡ್ಡ ಮನುಷ್ಯ, ಅಸ್ಪೃಶ್ಯನೆಂದು ಊರ ಹೊರಗೆ ಇಟ್ಟವನಿಗೆ ಒಂದು ನಮಸ್ಕಾರ ಹೆಚ್ಚಾಗಿ ಕೊಟ್ಟ. ಆ ಹೆಚ್ಚಾದ ಒಂದು ಶರಣು ಹರಳಯ್ಯನಿಗೆ ತಡೆಯಲಾರದ ಭಾರವಾಯಿತು. ಗಂಡ ಹೆಂಡತಿ ಇಬ್ಬರೂ ತಮ್ಮ ತೊಡೆಯ ಚರ್ಮ ತೆಗೆದು ಬಸವಣ್ಣನಿಗೆ ಚಮ್ಮಾವುಗೆ ಮಾಡಿದರು ಅಂತ ಕಥೆ. ಬಸವಣ್ಣ ಅದನ್ನು ಕಾಲಿಗೆ ಹಾಕಲಿಲ್ಲ, ತಲೆಯ ಮೇಲಿಟ್ಟುಕೊಂಡ. ಓದುವಾಗ ಮೈ ಜುಮ್ಮೆನ್ನುತ್ತದೆ. ಇದನ್ನು ಅಕ್ಷರಶಃ ನಂಬುತ್ತೀರೋ ಬಿಡುತ್ತೀರೋ, ತಲೆಮಾರುಗಳಿಂದ ಗೌರವವೇ ಸಿಗದವನಿಗೆ ಒಂದು ಸಲ ಗೌರವ ಸಿಕ್ಕರೆ ಒಳಗೆ ಏನಾಗುತ್ತದೆ ಅನ್ನುವುದನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ಕಥೆ ನಾನು ಕೇಳಿಲ್ಲ.

ಮುಂದೆ ಹರಳಯ್ಯನ ಮಗನಿಗೂ, ಹುಟ್ಟಿನಿಂದ ಬ್ರಾಹ್ಮಣನಾಗಿದ್ದು ಶರಣನಾದ ಮಧುವರಸನ ಮಗಳಿಗೂ ಮದುವೆಯಾಯಿತು. ಅಲ್ಲಿಯವರೆಗೆ ಒಟ್ಟಿಗೆ ಕೂರುವುದನ್ನು, ಉಣ್ಣುವುದನ್ನು ಹಲ್ಲು ಕಚ್ಚಿ ಸಹಿಸಿದವರು ಇದನ್ನು ಸಹಿಸಲಿಲ್ಲ. ಬಿಜ್ಜಳನ ಆಜ್ಞೆಯಂತೆ ಇಬ್ಬರು ಅಪ್ಪಂದಿರನ್ನೂ ಆನೆಯ ಕಾಲಿಗೆ ಕಟ್ಟಿ ಎಳೆಸಿದರು. ಕಲ್ಯಾಣ ಹೊತ್ತಿ ಉರಿಯಿತು. 1167ರ ಸುಮಾರಿಗೆ ಎಲ್ಲ ಮುಗಿದಿತ್ತು. ಬಸವಣ್ಣ ಸಂಗಮಕ್ಕೆ ಹಿಂತಿರುಗಿದ. ಅವನ ಸೋದರಳಿಯ ಚೆನ್ನಬಸವಣ್ಣ ಮತ್ತು ಜೊತೆಯವರು ವಚನದ ಕಟ್ಟುಗಳನ್ನು ಹೊತ್ತು ಉತ್ತರ ಕನ್ನಡದ ಕಾಡಿನ ಉಳವಿಯ ಕಡೆ ನಡೆದರು. ದೇವರ ಪ್ರೀತಿ ಅನ್ನುವುದು ಮನಸ್ಸಿಗೆ ನೆಮ್ಮದಿ ಕೊಡುವ ತಂಪು ವಿಷಯ ಅಂತ ಯಾರಾದರೂ ಹೇಳಿದಾಗ ನನಗೆ ಈ ಇಬ್ಬರು ಅಪ್ಪಂದಿರು ನೆನಪಾಗುತ್ತಾರೆ.

ಇವತ್ತು ಇದರಲ್ಲಿ ಏನು ಉಳಿದಿದೆ? ದಾಸೋಹ ಉಳಿದಿದೆ, ಅದೂ ಗಟ್ಟಿಯಾಗಿ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳು ಜಾತಿ, ಧರ್ಮದ ಲೆಕ್ಕವಿಲ್ಲದೆ ಉಂಡು ಓದುತ್ತಾರೆ. 2019ರ ಜನವರಿ 21ರಂದು 111ನೇ ವಯಸ್ಸಿನಲ್ಲಿ ತೀರಿಕೊಂಡ ಶಿವಕುಮಾರ ಸ್ವಾಮೀಜಿ ಅಲ್ಲಿಯ ಅಡುಗೆ ಒಲೆಗಾಗಿ ಹಳ್ಳಿಹಳ್ಳಿ ತಿರುಗಿ ಭಿಕ್ಷೆ ತಂದವರು. ಬಡ ಹಳ್ಳಿಯಿಂದ ಬಂದು ಅಲ್ಲಿ ಉಂಡು ಓದಿದವರನ್ನು ಮಾತಾಡಿಸಿ ನೋಡಿ. ಪಾಠದ ವಿಷಯಕ್ಕಿಂತ ಮೊದಲು ಊಟದ ವಿಷಯ ಬರುತ್ತದೆ.

ಕೊಪ್ಪಳದ ಗವಿಮಠದ ಜಾತ್ರೆಯ ರೊಟ್ಟಿ ನನಗೆ ಇನ್ನೂ ಇಷ್ಟ. ಜನವರಿಯಲ್ಲಿ ಆಗುವ ಆ ಜಾತ್ರೆಗೆ ಎಷ್ಟೋ ದಿನ ಮುಂಚಿನಿಂದ ಸುತ್ತಲಿನ ಹಳ್ಳಿಗಳಲ್ಲಿ ಹೆಂಗಸರು ಗುಂಪಾಗಿ ಕೂತು ಜೋಳದ ರೊಟ್ಟಿ ಬಡಿಯುತ್ತಾರೆ. ಒಬ್ಬರು ಹಿಟ್ಟು ನಾದಿ ಕೊಟ್ಟರೆ ಇನ್ನೊಬ್ಬರು ಬಡಿಯುತ್ತಾರೆ, ಮತ್ತೊಬ್ಬರು ಹಂಚಿನ ಮೇಲೆ ಹಾಕಿ ನೀರು ಸವರಿ ತಿರುವುತ್ತಾರೆ. ಒಣಗಿ ಕಟಕ್ ಅನ್ನುವವರೆಗೆ ಬೇಯಿಸಿದ ಕಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಅದನ್ನು ಬಟ್ಟೆಯಲ್ಲಿ ಸುತ್ತಿ, ಟ್ರ್ಯಾಕ್ಟರಿಗೆ ಏರಿಸಿ, ಬಾಜಾಬಜಂತ್ರಿ ಜೊತೆ ಮಠಕ್ಕೆ ಕಳಿಸುತ್ತಾರೆ. ಲಕ್ಷಗಟ್ಟಲೆ ರೊಟ್ಟಿ ಗುಡ್ಡೆಯಾಗುತ್ತದೆ. ಮಾದಲಿ ಅನ್ನುವ ಸಿಹಿಯೂ ಬರುತ್ತದೆ. ಯಾವ ರೊಟ್ಟಿ ಯಾರ ಮನೆಯದು ಅಂತ ಆ ಗುಡ್ಡೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಬಡಿದವಳ ಹೆಸರಿಲ್ಲ, ಫ್ಲೆಕ್ಸ್ ಇಲ್ಲ. ಅನ್ನದಾನ ಮಾಡಿ ಫೋಟೋ ಹಾಕುವ ಕಾಲದಲ್ಲಿ ಇದು ಸಣ್ಣ ವಿಷಯ ಅಲ್ಲ, ಅಲ್ವಾ?

ಎರಡನೆಯ ಅಳತೆಗೋಲಿನಲ್ಲಿ ನಾವು ಅಷ್ಟು ಚೆನ್ನಾಗಿ ಪಾಸಾಗಿಲ್ಲ. ಒಂದೇ ಪಂಕ್ತಿಯಲ್ಲಿ ಊಟ ಮಾಡುತ್ತೇವೆ, ಮದುವೆಯ ಮಾತು ಬಂದಾಗ ಜಾತಕದ ಜೊತೆ ಜಾತಿಯನ್ನೂ ಕೇಳುತ್ತೇವೆ. ಬಸವಣ್ಣನ ಹೆಸರಿನಲ್ಲೇ ಒಳಪಂಗಡ ಎಣಿಸುವವರೂ ಉಂಟು. ಮನೆಗೆಲಸಕ್ಕೆ ಬರುವವರಿಗೆ ಬೇರೆ ಲೋಟ ಇಟ್ಟಿರುವ ಮನೆಯ ಗೋಡೆಯ ಮೇಲೆ ಬಸವಣ್ಣನ ಫೋಟೋ ಇರುವುದನ್ನು ನಾನೇ ನೋಡಿದ್ದೇನೆ.

ಹಾಗಾದರೆ ಲಕ್ಕಮ್ಮನ ಹಾಗೆ ನಾಳೆಗೆ ಏನೂ ಇಡಬಾರದಾ? ಮಕ್ಕಳ ಫೀಸು, ಅಪ್ಪ ಅಮ್ಮನ ಆಸ್ಪತ್ರೆ ಖರ್ಚು ಇರುವ ಮನೆಗೆ ಹಾಗೆ ಹೇಳುವ ಧೈರ್ಯ ನನಗಿಲ್ಲ. ಹೇಳುವುದು ಸರಿಯೂ ಅಲ್ಲ. ಕಲ್ಯಾಣದಲ್ಲಿ ಒಬ್ಬರಿಗೆ ಇಲ್ಲವಾದರೆ ಇನ್ನೊಬ್ಬರ ಮನೆಯ ಒಲೆ ಇತ್ತು, ಮಹಾಮನೆ ಇತ್ತು. ನಮಗೆ ಅಂಥ ಊರಿಲ್ಲ. ಆದರೆ ಅವಳ ಪ್ರಶ್ನೆಯನ್ನು ತಿಂಗಳಿಗೊಮ್ಮೆ ಕೇಳಿಕೊಳ್ಳಬಹುದು. ಇದು ಬೇಕಾದದ್ದಾ, ಹೆದರಿ ಎತ್ತಿಟ್ಟದ್ದಾ? ಕಪಾಟು ತೆರೆದರೆ ಎರಡನೆಯದೇ ಜಾಸ್ತಿ ಸಿಗುತ್ತದೆ. ಅಲ್ಲಿಂದ ಶುರು ಮಾಡಿದರೆ ಸಾಕು. ಹಾಗೇ ಮನೆಗೆ ಬಂದು ಹೋಗುವವರಲ್ಲಿ ಯಾರನ್ನು ಇದುವರೆಗೆ ಒಳಗೆ ಕೂರಿಸಿಲ್ಲ ಅಂತಲೂ ಒಮ್ಮೆ ಎಣಿಸಬಹುದು.

ಒಂದು ತಕರಾರು ಬಾಕಿ ಇದೆ. ಇಷ್ಟೆಲ್ಲ ಕಾಯಕ, ದಾಸೋಹ ಅಂದಿರಲ್ಲ, ಅಕ್ಕ ಮಹಾದೇವಿ ಯಾವ ಕಾಯಕ ಮಾಡಿದಳು? ಯಾರಿಗೆ ಬಡಿಸಿದಳು? ಶಿವಮೊಗ್ಗ ಕಡೆಯ ಉಡುತಡಿಯಲ್ಲಿ ಹುಟ್ಟಿ, ಕೌಶಿಕ ರಾಜನನ್ನು ಬಿಟ್ಟು, ಉಟ್ಟ ಬಟ್ಟೆಯನ್ನೂ ಬಿಟ್ಟು ಹೊರಟವಳು. ಹಸಿವಾದರೆ ಭಿಕ್ಷಾನ್ನ ಉಂಟು, ಬಾಯಾರಿದರೆ ಕೆರೆ ಬಾವಿ ಉಂಟು, ಮಲಗಲು ಹಾಳು ದೇಗುಲ ಉಂಟು, ‘ಆತ್ಮಸಂಗಾತಕ್ಕೆ ನೀನೆನಗುಂಟು’ ಅಂದವಳು. ಸಾವಿಲ್ಲದ, ಕೇಡಿಲ್ಲದ, ರೂಪಿಲ್ಲದ ಚೆಲುವನಿಗೆ ಒಲಿದವಳು. ಅವಳದು ನೇರ ಪ್ರೀತಿ, ಹೆಣ್ಣು ಗಂಡನ್ನು ಹಂಬಲಿಸುವಂಥದ್ದು. ಗಿಳಿಯನ್ನು ಕೇಳುತ್ತಾಳೆ, ಕೋಗಿಲೆಯನ್ನು ಕೇಳುತ್ತಾಳೆ, ನನ್ನ ಚೆನ್ನಮಲ್ಲಿಕಾರ್ಜುನನನ್ನು ಕಂಡಿರಾ ಅಂತ.

ಮೊದಲ ಅಳತೆಗೋಲನ್ನೇ ಅವಳಿಗೆ ಹಿಡಿದು ನೋಡಿ. ತನಗಂತ ಎಷ್ಟು ಇಟ್ಟುಕೊಂಡಳು? ಲಕ್ಕಮ್ಮ ಹೆಚ್ಚಾದ ಅಕ್ಕಿ ವಾಪಸ್ ಕಳಿಸಿದಳು, ಅಕ್ಕ ಮನೆಯನ್ನೇ ವಾಪಸ್ ಕೊಟ್ಟಳು. ಅಡುಗೆಮನೆಯ ದಾರಿ ಒಂದು, ಅಡವಿಯ ದಾರಿ ಇನ್ನೊಂದು. ಕಲ್ಯಾಣಕ್ಕೆ ಬಂದಾಗ ಅಲ್ಲಮ ಅವಳನ್ನು ಸುಮ್ಮನೆ ಒಳಗೆ ಬಿಡಲಿಲ್ಲ. ಗಂಡ ಯಾರು ಹೇಳು ಅಂದ, ಬಟ್ಟೆ ಬಿಟ್ಟವಳು ಕೂದಲಲ್ಲಿ ಮೈ ಯಾಕೆ ಮುಚ್ಚಿಕೊಂಡೆ ಅಂತ ಕೆಣಕಿದ. ಅವಳು ಒಂದೊಂದಕ್ಕೂ ಉತ್ತರ ಕೊಟ್ಟಳು. ಸಂಸಾರ ಮಾಡಿಕೊಂಡು, ದುಡಿದು, ಬಡಿಸಿಕೊಂಡು ಇದ್ದ ಶರಣರು ಈ ಯಾವುದನ್ನೂ ಮಾಡದ ಹುಡುಗಿಯನ್ನು ಅಕ್ಕ ಅಂತ ಕರೆದರು. ಚೆನ್ನಬಸವಣ್ಣನ ಒಂದು ವಚನ ಇದೆ. ಕೋಟಿ ಕಲ್ಪ ಬದುಕಿದವರೆಲ್ಲ ಹಿರಿಯರೇ? ಮೈಮೇಲೆ ಹುತ್ತ ಬೆಳೆಯುವಷ್ಟು ತಪಸ್ಸು ಮಾಡಿದವರೆಲ್ಲ ಹಿರಿಯರೇ? ನಡು ಬಗ್ಗಿ ತಲೆ ನಡುಗಿದವರೆಲ್ಲ ಹಿರಿಯರೇ? ಹೀಗೆ ಒಬ್ಬೊಬ್ಬರನ್ನೇ ಪಕ್ಕಕ್ಕೆ ಸರಿಸುತ್ತಾ ಬಂದು, ಹಿರಿಯತನ ಸಂದದ್ದು ಮಹಾದೇವಿಯಕ್ಕನಿಗೆ ಅಂತ ಅವನು ಹೇಳುತ್ತಾನೆ.